ಮೂಳೆ ಸಿಕ್ಕಿ ಇಪ್ಪತ್ತು ವರ್ಷಕ್ಕೆ ನಾಮಕರಣ

ಪ್ರಶ್ನೆ: ಕಬ್ಬಾಳದ ಕಡೆ ಕಲ್ಲುಕ್ವಾರಿಯಲ್ಲಿ ನಮ್ಮ ಮಾವ ಕೆಲಸ ಮಾಡುತ್ತಿದ್ದರು. ಅಷ್ಟೊಂದು ಬಂಡೆ ಒಡೆದರೂ ಒಂದೇ ಒಂದು ಡೈನೋಸಾರ್ ಮೂಳೆ ಸಿಗಲಿಲ್ಲವಂತೆ. ಯಾಕೆ ಸರ್?
– ಒಂಬತ್ತನೇ ತರಗತಿ ವಿದ್ಯಾರ್ಥಿ, ಸಾತನೂರು

ಉತ್ತರ: ಮುಂದೆಯೂ ಸಿಗುವುದಿಲ್ಲಪ್ಪ. ಡೈನೋಸಾರ್‌ಗಳು ಹುಟ್ಟಿದ್ದು ಹೆಚ್ಚುಕಡಿಮೆ 23 ಕೋಟಿ ವರ್ಷದ ಹಿಂದೆ. ನಿಮ್ಮೂರಿನ ಕಲ್ಲಿಗೆ ಸುಮಾರು 250 ಕೋಟಿ ವರ್ಷ. ಮೇಲಾಗಿ ಅದು ನೆಲದಾಳದ ಕಾವಿನಲ್ಲಿ ಬೆಂದ ಕಲ್ಲು. ಮೂಳೆ ಉಳಿಯಬೇಕಾದರೆ ಮರಳೋ ಕೆಸರೋ ಪದರಪದರವಾಗಿ ಅದನ್ನು ಮುಚ್ಚಬೇಕು.

ಹಾಗಂತ ಬೇಸರ ಬೇಡ. ಬೂದುಬಣ್ಣದ ನೈಸ್ ಶಿಲೆ ಚಾರ್ನೊಕೈಟ್ ಎಂಬ ಇನ್ನೊಂದು ಶಿಲೆಯಾಗಲು ಹೊರಟು ಅರ್ಧದಲ್ಲೇ ನಿಂತಿರುವುದನ್ನು ಕಬ್ಬಾಳದಲ್ಲಿ ಕಣ್ಣಾರೆ ನೋಡಬಹುದು. ಭೂವಿಜ್ಞಾನಿ ಸಿ.ಎಸ್. ಪಿಚ್ಚಮುತ್ತು 1960ರಲ್ಲಿ ಅದರ ಬಗ್ಗೆ ಬರೆದ ಮೇಲೆ ಹೊರದೇಶದವರೂ ಆ ಕಲ್ಲು ನೋಡಲು ಬರುತ್ತಾರೆ. ಅಂದಹಾಗೆ, ಚಾರ್ನೊಕೈಟ್ ಎಂಬ ಹೆಸರು ಬಂದದ್ದು ಕೋಲ್ಕತ್ತದಲ್ಲಿರುವ ಜಾಬ್ ಚಾರ್ನಾಕ್ ಎಂಬಾತನ ಗೋರಿಕಲ್ಲಿನಿಂದ!

ಪ್ರಶ್ನೆ: ಗುಜರಾತಿನ ರಾಜಾಸಾರಸ್ ಎಂಬ ಮಾಂಸಾಹಾರಿ ಡೈನೋಸಾರ್‌ನ ಮೂಳೆ ಸಿಕ್ಕಿದ್ದು 1980ರ ದಶಕದಲ್ಲಿ, ಹೆಸರಿಟ್ಟದ್ದು 2003ರಲ್ಲಿ ಎಂದು ಓದಿದೆ. ನಮ್ಮ ಮನೆಗಳಲ್ಲಿ ಹನ್ನೊಂದನೇ ದಿನಕ್ಕೇ ನಾಮಕರಣ ಮುಗಿಸುತ್ತೇವೆ. ಇಪ್ಪತ್ತು ವರ್ಷ ಏನು ಮಾಡುತ್ತಿದ್ದರು?
– ವಿಜ್ಞಾನ ಶಿಕ್ಷಕಿ, ಸಾತನೂರು

ಉತ್ತರ: ಮನೆಯಲ್ಲಾದರೆ ಮಗು ಯಾರದೆಂದು ಗೊತ್ತಿರುತ್ತದೆ ಮೇಡಂ. ಬಾಲಾಸಿನೋರ್ ಹತ್ತಿರದ ರಹಿಯೋಲಿಯಲ್ಲಿ ಅದೇ ಗೊತ್ತಿರಲಿಲ್ಲ.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯ ಸುರೇಶ್ ಶ್ರೀವಾಸ್ತವ 1982ರಿಂದ 84ರವರೆಗೆ ಅಲ್ಲಿ ಮೂಳೆ ಆಯ್ದರು. ಸೊಪ್ಪು ತಿನ್ನುವ ದೈತ್ಯಗಳದ್ದು, ಮಾಂಸ ತಿನ್ನುವವುಗಳದ್ದು ಎಲ್ಲ ಕಲಸಿಹೋಗಿತ್ತು. ಜಾತ್ರೆ ಮುಗಿದ ಮೇಲೆ ಗುಡಿ ಮುಂದೆ ಉಳಿದ ಚಪ್ಪಲಿ ರಾಶಿಯಲ್ಲಿ ಜೋಡಿ ಹುಡುಕಿದ್ದೀರಾ? ಹಾಗೆ. ಪುಣ್ಯಕ್ಕೆ ಶ್ರೀವಾಸ್ತವ ಅವರು ಯಾವ ಮೂಳೆ ಎಲ್ಲಿ ಬಿದ್ದಿತ್ತೆಂದು ನಕ್ಷೆ ಬರೆದಿಟ್ಟಿದ್ದರು. ನನ್ನ ಮಟ್ಟಿಗೆ ಈ ಕಥೆಯ ನಾಯಕ ಆ ನಕ್ಷೆಯೇ. 2001ರಲ್ಲಿ ಜೆಫ್ರಿ ವಿಲ್ಸನ್, ಪಾಲ್ ಸೆರೆನೊ, ಚಂಡೀಗಢದ ಅಶೋಕ್ ಸಾಹ್ನಿ ಮೊದಲಾದ ಪಳೆಯುಳಿಕೆ ತಜ್ಞರು ಸಂಗ್ರಹದ ಮೂಳೆಗಳನ್ನು ಮತ್ತೆ ಬಿಡಿಸಿ ಕೂತಾಗ, ಯಾವುದು ಯಾವುದರ ಜೊತೆಗಿತ್ತೆಂದು ಹೇಳಿದ್ದು ಅದು.

ಜೋಡಿಸಿದರಷ್ಟೇ ಸಾಲದು. ಜಬಲ್ಪುರದ ತುಂಡು ಮೂಳೆಗಳ ಮೇಲೆ 1933ರಲ್ಲೇ ಇಂಡೊಸೂಕಸ್, ಇಂಡೊಸಾರಸ್ ಎಂಬ ಮಾಂಸಾಹಾರಿಗಳಿಗೆ ಹೆಸರಿಟ್ಟಾಗಿತ್ತು. ಹೊಸತೆಂದುಕೊಂಡದ್ದು ಅವುಗಳಲ್ಲೊಂದೇ ಆಗಿದ್ದರೆ ಹಳೆ ಹೆಸರೇ ನಿಲ್ಲುತ್ತದೆ, ಅದು ನಿಯಮ. ಆದರೆ ರಹಿಯೋಲಿಯ ಮಾಂಸಾಹಾರಿಯ ನೆತ್ತಿಯಲ್ಲಿ ಒಂದು ಗಿಡ್ಡ ಕೊಂಬಿತ್ತು, ಹತ್ತಿರದ ನಂಟರು ಮಡಗಾಸ್ಕರ್‌ನಲ್ಲಿದ್ದರು. ಇದೆಲ್ಲ ಖಚಿತವಾದ ಮೇಲೆ ರಾಜಾಸಾರಸ್ ನರ್ಮದೆನ್ಸಿಸ್ ಆಯಿತು.

ಅವಸರ ಮಾಡಿದರೆ ಏನಾಗುತ್ತದೆಂದು ನೋಡಬೇಕಾದರೆ ತಮಿಳುನಾಡಿಗೆ ಬನ್ನಿ. ಕಲ್ಲಮೇಡು ಎಂಬಲ್ಲಿ ಸಿಕ್ಕ ಭಾರಿ ಮೂಳೆಗಳಿಗೆ 1980ರ ದಶಕದಲ್ಲಿ ‘ಬೃಹತ್ಕಾಯೊಸಾರಸ್’ ಎಂದು ಹೆಸರಿಟ್ಟರು. ಮೊದಲು ಮಾಂಸಾಹಾರಿ ಎಂದರು, ಆಮೇಲೆ ಸಸ್ಯಾಹಾರಿ ಎಂದಾಯಿತು. ಮತ್ತೆ ಅಳೆದು ನೋಡೋಣವೆಂದರೆ ಮೂಳೆಗಳೇ ಪುಡಿಯಾಗಿ ಹೋಗಿದ್ದವು. ಹೆಸರು ಮಾತ್ರ ಇದೆ.

ಪ್ರಶ್ನೆ: ಡೈನೋಸಾರ್ ಬಿಡಿ, ನಮ್ಮ ಸುತ್ತಮುತ್ತ ಹೆಸರಿಗಾಗಿ ಹೀಗೆ ಕಾದ ಬೇಟೆಗಾರ ಜೀವಿ ಯಾವುದಾದರೂ ಇದೆಯೇ?
– ನಿವೃತ್ತ ನೌಕರರು, ಸಾತನೂರು

ಉತ್ತರ: ಇದೆ, ಮುತ್ತತ್ತಿ ಹೊಳೆಯಲ್ಲೇ ಇದೆ. ಕಾವೇರಿಯ ಬಿಳಿಮೀನು, ಬೆನ್ನು ಗೂನಾದ ಮಹಶೀರ್. ಏಡಿ, ಸಣ್ಣ ಮೀನು ಎಲ್ಲ ನುಂಗುತ್ತದೆ. ಗಾಳ ಹಾಕುವ ಬ್ರಿಟಿಷರು 19ನೇ ಶತಮಾನದಲ್ಲೇ ಅದರ ಬಗ್ಗೆ ಬರೆದಿದ್ದರು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕಬಿನಿಯಲ್ಲಿ ಹಿಡಿದದ್ದು 120 ಪೌಂಡ್, ಅಂದರೆ 54 ಕಿಲೊ ತೂಗಿತ್ತು. ಇಷ್ಟು ಪ್ರಸಿದ್ಧ ಮೀನಿಗೆ ವಿಜ್ಞಾನದ ಲೆಕ್ಕದಲ್ಲಿ ಹೆಸರೇ ಇರಲಿಲ್ಲ ಎಂದರೆ ನಂಬುತ್ತೀರಾ?

ಕೇರಳದಲ್ಲಿ ಹರಿಯುವ ಪಾಂಬಾರ್ ಕಾವೇರಿಯದೇ ಉಪನದಿ. ಅಲ್ಲಿನ ಚಿಕ್ಕ ಮೀನುಗಳಿಗೆ 2007ರಲ್ಲಿ, ಮೀನುತಜ್ಞೆ ಕೆ. ರೆಮಾದೇವಿಯವರ ಗೌರವಾರ್ಥ, ಟೋರ್ ರೆಮಾದೇವಿ ಎಂದು ಹೆಸರಿಟ್ಟಿದ್ದರು. ಆ ಚಿಕ್ಕದೂ ಈ ದೈತ್ಯವೂ ಒಂದೇ ಎಂದು ಗೊತ್ತಾದದ್ದು 2018ರಲ್ಲಿ. ಹೆಸರಿಲ್ಲದ ಜೀವಿಯನ್ನು ಸಾಮಾನ್ಯವಾಗಿ ಅಳಿವಿನ ಪಟ್ಟಿಗೆ ಸೇರಿಸಲು ಬರುವುದಿಲ್ಲ. ಹೆಸರು ತೀರ್ಮಾನವಾದ ಅದೇ ವರ್ಷ ಅದು ‘ತೀವ್ರ ಅಪಾಯದಲ್ಲಿರುವ’ ಜೀವಿಗಳ ಕೆಂಪು ಪಟ್ಟಿ ಸೇರಿತು.

ಅಷ್ಟರಲ್ಲಿ ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್ ಹೊಳೆಯ ತುಂಬ ಹರಡಿತ್ತು. ನಮ್ಮದರ ಈಜುರೆಕ್ಕೆ ಕಿತ್ತಳೆ ಬಣ್ಣದ್ದು. ದಡದಲ್ಲಿ ಕೂತಾಗ ಕಂಡರೆ ಬರೆಯಿರಿ.