ಬೇಳೆಯ ಹುಳುವಿಗೆ ಬೆಳೆಯ ಔಷಧಿ

ಕಳೆದ ಬೇಸಿಗೆಯಲ್ಲಿ ನಮ್ಮ ಓಣಿಯ ಸೊಸೆಯೊಬ್ಬಳು ಮಟಮಟ ಮಧ್ಯಾಹ್ನ ಓಡಿಬಂದಳು. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ತೊಗರಿಬೇಳೆ ಡಬ್ಬಿ. "ದೊಡ್ಡಮ್ಮ, ಬೇಳೆಗೆ ಹುಳು ಬಿದ್ದಿದೆ. ಈ ಔಷಧಿ ಹೊಡೀರಿ ಅಂತ ಫೋನಲ್ಲಿ ಬಂದಿದೆ. ಗೊಬ್ಬರದ ಅಂಗಡೀಲಿ ಸಿಗುತ್ತಾ?" ಅಂದಳು. ಕನ್ನಡಕ ಹಾಕಿಕೊಂಡು ನೋಡಿದೆ. ಅದು ಹೊಲದ ತೊಗರಿಗೆ ಕಾಯಿಕೊರಕ ಬಿದ್ದಾಗ ಸಿಂಪಡಿಸುವ ಕೀಟನಾಶಕ. ಒಂದು ಲೀಟರ್ ನೀರಿಗೆ ಎಷ್ಟು ಬೆರೆಸಬೇಕು ಎನ್ನುವ ಲೆಕ್ಕವೂ ಅಲ್ಲಿತ್ತು.

ತಪ್ಪು ಎಲ್ಲಾಯಿತು ಅಂದರೆ, ಆಕೆ ಕೇಳಿದ್ದು ಇಂಗ್ಲಿಷ್ ಅಕ್ಷರದಲ್ಲಿ. ಹಾಗೆ ಬರೆದರೆ ಬೆಲೆಯೂ ಒಂದೇ, ಬೆಳೆಯೂ ಒಂದೇ, ಬೇಳೆಯೂ ಒಂದೇ. ಆಕೆ ಅಡುಗೆಮನೆಯಲ್ಲಿ ನಿಂತು ಕೇಳಿದ್ದಾಳೆ, ಫೋನು ಅವಳನ್ನು ಹೊಲಕ್ಕೆ ಕರೆದುಕೊಂಡು ಹೋಗಿದೆ. ಹಲ್ಲಿ ಓಡಿಸುವುದು ಹೇಗೆ ಎಂದು ಕೇಳಿದವರಿಗೆ ಹಳ್ಳಿಯ ಸುದ್ದಿ ಬರುವುದೂ ಹೀಗೆಯೇ. ಹಳ್ಳಿಯ ಸುದ್ದಿ ಓದಿದರೆ ಯಾರಿಗೂ ಏನೂ ಆಗುವುದಿಲ್ಲ. ಬೇಳೆಗೆ ಬೆಳೆಯ ಔಷಧಿ ಹೊಡೆದು, ತೊಳೆದು ಸಾರು ಮಾಡಿದ್ದರೆ? ಆ ಮನೆಯಲ್ಲಿ ಎರಡು ಸಣ್ಣ ಮಕ್ಕಳಿವೆ.

ಅದಕ್ಕೇ ಮೊದಲು ಈ ಒಂದು ಮಾತು ಕೇಳಿ. ನಿಮ್ಮ ಫೋನಿನಲ್ಲಿ ಕನ್ನಡದ ಕೀಲಿಮಣೆ ಇದೆ, ಅದನ್ನು ಬಳಸಿ. ಒತ್ತಲು ಬೇಸರವಾದರೆ ಮೈಕಿನ ಗುರುತು ಒತ್ತಿ ಬಾಯಲ್ಲೇ ಹೇಳಿ. ಹೇಳಿದ ಮೇಲೆ ಅದು ಏನು ಬರೆದುಕೊಂಡಿದೆ ಎಂದು ಒಮ್ಮೆ ಕಣ್ಣಾಡಿಸಿ. ಎರಡೇ ಪದ ಉದುರಿಸಿ ಸುಮ್ಮನಾಗಬೇಡಿ, ಪೂರ್ತಿ ಕೇಳಿ. "ಬೇಳೆ ಹುಳು" ಎನ್ನುವುದಕ್ಕಿಂತ "ಡಬ್ಬಿಯಲ್ಲಿಟ್ಟ ತೊಗರಿಬೇಳೆಗೆ ಹುಳು ಬಂದಿದೆ, ಅಡುಗೆಗೆ ಬಳಸಬಹುದೇ" ಎಂದು ಕೇಳಿದರೆ ಉತ್ತರ ಹತ್ತಿರ ಬರುತ್ತದೆ. ಪಕ್ಕದ ಮನೆಯವರ ಹತ್ತಿರ ಹೇಗೆ ಕೇಳುತ್ತೀರೋ ಹಾಗೆಯೇ ಕೇಳಿ.

ಈಗ ಬೇಳೆಯ ವಿಷಯ. ಪೂರ್ತಿ ತೂತು ಬಿದ್ದು ಪುಡಿ ಉದುರುತ್ತಿದ್ದರೆ ಆಸೆ ಬಿಡಿ. ಅಲ್ಲೊಂದು ಇಲ್ಲೊಂದು ಹುಳು ಇದ್ದರೆ ಮೊರದಲ್ಲಿ ಕೇರಿ, ಜರಡಿ ಹಿಡಿದು, ಮಾಳಿಗೆಯ ಮೇಲೆ ಬಟ್ಟೆ ಹಾಸಿ ತೆಳ್ಳಗೆ ಹರವಿ. ನಮ್ಮ ಚಳ್ಳಕೆರೆಯ ಏಪ್ರಿಲ್ ಬಿಸಿಲನ್ನು ನಾವು ಬೈಯುತ್ತೇವೆ. ಆದರೆ ಕಾಳು ಕೆಡದಂತೆ ಕಾಯುವುದಕ್ಕೆ ಅಂಥ ಬಿಸಿಲು ಬೇರೆ ಊರಿನವರಿಗೆ ಹುಡುಕಿದರೂ ಸಿಗದು. ಎರಡು ದಿನ ಒಣಗಲಿ. ಬಿಸಿಬಿಸಿಯಾಗಿದ್ದಾಗಲೇ ಡಬ್ಬಿಗೆ ತುಂಬಬೇಡಿ, ಒಳಗೆ ಬೆವರಿ ಮುಗ್ಗಲು ಹಿಡಿಯುತ್ತದೆ. ಆರಿದ ಮೇಲೆ ಕಿಲೋಗೆ ಒಂದು ಚಿಕ್ಕ ಚಮಚ ಹರಳೆಣ್ಣೆ ಹಾಕಿ ಅಂಗೈಯಲ್ಲಿ ಉಜ್ಜಿ, ಒಣಗಿದ ಬೇವಿನ ಸೊಪ್ಪು ಇಟ್ಟು, ಬಿಗಿಯಾದ ಮುಚ್ಚಳ ಹಾಕಿ. ನಮ್ಮ ಹಿರಿಯರು ತೊಗರಿಗೆ ಕೆಮ್ಮಣ್ಣು ಕಟ್ಟುತ್ತಿದ್ದರು, ಅವರೆಗೆ ಬೂದಿ ಬೆರೆಸುತ್ತಿದ್ದರು. ಹುಳುವಿಗೆ ನೆಲೆ ನಿಲ್ಲಲು ಜಾಗ ಕೊಡದಿರುವುದೇ ಇದರ ಗುಟ್ಟು.

ಇದರ ಜೊತೆಗೇ ಗಟ್ಟಿಯಾಗಿ ಹೇಳಬೇಕಾದದ್ದು ಒಂದಿದೆ. ಗೋದಾಮಿನಲ್ಲಿ ಕಾಳಿನ ಚೀಲಗಳ ನಡುವೆ ಇಡುವ ಮಾತ್ರೆ ನಿಮಗೆ ಗೊತ್ತಿರಬೇಕು. ಅದನ್ನು ತಂದು ಮಲಗುವ ಮನೆಯಲ್ಲಿ, ಅಡುಗೆಮನೆಯಲ್ಲಿ ಇಡುವವರಿದ್ದಾರೆ. ದಯವಿಟ್ಟು ಬೇಡ. ಅದು ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಾಗಿದರೆ ಸಾಕು, ಫಾಸ್ಫೀನ್ ಎನ್ನುವ ವಿಷದ ಗಾಳಿ ಬಿಡುತ್ತದೆ. ಅದು ಮೈ ಸೇರಿದರೆ ಇಳಿಸುವುದಕ್ಕೆ ಪ್ರತಿಮದ್ದು ಇಲ್ಲ. ಮನೆಯಲ್ಲಿ ಅಂಥ ಡಬ್ಬಿ ಇದ್ದರೆ ಇವತ್ತೇ ತೆಗೆಸಿ.

ಆ ದಿನದ ಮೇಲೆ ನನಗೆ ಕುತೂಹಲ ಹುಟ್ಟಿತು. ಸಂಜೆ ಜಗಲಿಯಲ್ಲಿ ಸೇರುವ ಹೆಣ್ಣುಮಕ್ಕಳಿಗೆ "ಫೋನಿನಲ್ಲಿ ಏನೇನು ಕೇಳುತ್ತೀರಿ, ತೋರಿಸಿ" ಅಂದೆ. ಸಾರು, ಪಲ್ಯ, ಹೋಳಿಗೆ ಇರುತ್ತವೆ ಅಂದುಕೊಂಡಿದ್ದೆ. ಇದ್ದದ್ದೇ ಬೇರೆ. ಕಂಬಳಿಯನ್ನು ವಾಷಿಂಗ್ ಮೆಷಿನ್‌ಗೆ ಹಾಕಬಹುದೇ. ರೇಷ್ಮೆ ಸೀರೆ ಸುಟ್ಟು ನೋಡುವುದು ಹೇಗೆ. ಗಾಣದ ಎಣ್ಣೆ ಯಾಕೆ ನೊರೆ ಬರುತ್ತೆ. ಬೂಸ್ಟು ಹಿಡಿದ ಶೇಂಗಾ ಹುರಿದರೆ ಸರಿಹೋಗುತ್ತಾ. ಬೋರಿನ ನೀರು ಎಷ್ಟು ಹೊತ್ತು ಕುದಿಸಬೇಕು. ಓದುತ್ತಾ ಓದುತ್ತಾ ನನಗೆ ಬೇಜಾರಾಯಿತು. ಇವುಗಳಲ್ಲಿ ಅರ್ಧಕ್ಕೆ ಉತ್ತರ ನಮ್ಮ ಊರಿನಲ್ಲೇ, ನಾಲ್ಕು ಮನೆ ದಾಟಿದರೆ ಇದೆ. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಇದಕ್ಕೇ.

ಕಂಬಳಿಯನ್ನೇ ತೆಗೆದುಕೊಳ್ಳಿ. ಚಳ್ಳಕೆರೆಯ ಕರಿ ಕಂಬಳಿ ಎಲ್ಲೆಲ್ಲಿಗೋ ಹೋಗುತ್ತದೆ, ಹಸೆಗೂ ಬೇಕು, ದೇವರ ಗದ್ದುಗೆಗೂ ಬೇಕು. ಅದು ಹೇಗಾಗುತ್ತದೆ ಎಂದು ಕುರುಬರ ಮನೆಯ ಅಂಗಳದಲ್ಲಿ ಒಂದು ಸಲ ನಿಂತು ನೋಡಿದ್ದರೆ ಮೆಷಿನ್ನಿನ ಪ್ರಶ್ನೆಯೇ ಬರುತ್ತಿರಲಿಲ್ಲ. ಹುಣಸೆ ಬೀಜ ಹುರಿದು, ಸಿಪ್ಪೆ ಹಾರಿಸಿ, ಅರೆದು, ಕುದಿಸಿ ಸರಿ ಮಾಡುತ್ತಾರೆ. ಉದ್ದಕ್ಕೆ ಎಳೆದು ಕಟ್ಟಿದ ಹಾಸಿನ ಎಳೆಗಳಿಗೆ ಆ ಸರಿ ಬಳಿದು ಕುಂಚದಿಂದ ತೀಡುತ್ತಾರೆ. ಉಣ್ಣೆಯ ಎಳೆ ಮಗ್ಗದ ಎಳೆತ ತಾಳಬೇಕಲ್ಲ, ಅದಕ್ಕೆ. ಹೊಸ ಕಂಬಳಿ ಬಿರುಸಾಗಿರುವುದು, ನೆನೆದರೆ ಒಂದು ಥರ ವಾಸನೆ ಬರುವುದು ಆ ಸರಿಯಿಂದಲೇ. ಕಂಬಳಿ ಕೆಟ್ಟಿದೆ ಎಂದು ಗಾಬರಿಯಾಗಬೇಡಿ. ಬಳಸುತ್ತಾ ಬಳಸುತ್ತಾ ಮೆತ್ತಗಾಗುತ್ತದೆ.

ಬಿಸಿ ನೀರು ಬೇಡ, ಮೆಷಿನ್ ಬೇಡವೇ ಬೇಡ. ಉಣ್ಣೆಯ ಕೂದಲಿಗೆ ಮೀನಿನ ಪೊರೆಯಂಥ ಸಣ್ಣ ಪೊರೆಗಳಿರುತ್ತವೆ. ಬಿಸಿ ನೀರಿನಲ್ಲಿ ತಿಕ್ಕಿದರೆ ಅವು ಒಂದಕ್ಕೊಂದು ಸಿಕ್ಕಿಹಾಕಿಕೊಂಡು ಕಂಬಳಿ ಕುಗ್ಗಿ ದಪ್ಪ ಗಟ್ಟಿಯಾಗುತ್ತದೆ. ಮತ್ತೆ ಬಿಡಿಸಲು ಆಗುವುದಿಲ್ಲ. ವರ್ಷಕ್ಕೆ ಒಂದು ಸಲ ತಣ್ಣೀರಿನಲ್ಲಿ ಅಂಟುವಾಳದ ನೊರೆ ಹಾಕಿ ಅದ್ದಿ, ಅಂಗೈಯಿಂದ ಒತ್ತಿ ನೀರು ಬಸಿಯಿರಿ. ಹಿಂಡಬೇಡಿ. ಹಗ್ಗಕ್ಕೆ ನೇತುಹಾಕದೆ ಚಾಪೆಯ ಮೇಲೆ ಹರವಿ. ಮಿಕ್ಕ ದಿನ ಎಳೆಬಿಸಿಲು ತೋರಿಸಿ, ಕೋಲಿನಿಂದ ತಟ್ಟಿ, ಬೇವಿನ ಸೊಪ್ಪಿನ ಜೊತೆ ಮಡಚಿಟ್ಟರೆ ಸಾಕು.

ಇನ್ನು ಸೀರೆ. ಮೊಳಕಾಲ್ಮೂರಿನ ರೇಷ್ಮೆ ಸೀರೆಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಹೆಸರು ದೊಡ್ಡದಾದಂತೆ ನಕಲೂ ಹೆಚ್ಚಾಗುತ್ತದೆ. ಸುಟ್ಟು ನೋಡುವುದು ತಪ್ಪಲ್ಲ, ಆದರೆ ಸೀರೆಯನ್ನಲ್ಲ ತಾಯಿ, ಎಳೆಯನ್ನು. ಸೀರೆಯ ಒಳತುದಿಯಿಂದ, ಉಡುವಾಗ ಸೊಂಟದೊಳಗೆ ಸೇರುತ್ತದಲ್ಲ ಅಲ್ಲಿಂದ, ಎರಡು ಎಳೆ ತೆಗೆದು ಬೆಂಕಿ ತಾಗಿಸಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಿನಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಮಣಿಯಂತಾಗುತ್ತದೆ. ಬೆಳ್ಳಗಿರುವುದೆಲ್ಲ ಹಾಲಲ್ಲ, ಮಿಂಚುವುದೆಲ್ಲ ರೇಷ್ಮೆಯೂ ಅಲ್ಲ. ಅಂಗಡಿಯಲ್ಲಿ ಎಳೆ ಕೀಳಲು ಆಗದಿದ್ದರೆ ಸಿಲ್ಕ್ ಮಾರ್ಕ್ ಚೀಟಿ ಕೇಳಿ, ಕೇಳಲು ಸಂಕೋಚ ಪಡಬೇಡಿ. ಅದಕ್ಕಿಂತ ಒಳ್ಳೆಯದು ಮೊಳಕಾಲ್ಮೂರಿಗೆ ಬಸ್ ಹತ್ತಿ ಮಗ್ಗದ ಮನೆಗೇ ಹೋಗುವುದು. ಮೈಯೂ ಅಂಚೂ ಹೇಗೆ ಕೂಡುತ್ತವೆ ಎಂದು ಕಣ್ಣಾರೆ ನೋಡಿದ ಮೇಲೆ ನೀವು ಬೆಲೆಗೆ ಚೌಕಾಸಿ ಮಾಡುವ ರೀತಿಯೇ ಬದಲಾಗುತ್ತದೆ.

ತಂದ ಸೀರೆಯನ್ನು ಪ್ಲಾಸ್ಟಿಕ್ ಕವರಿನಲ್ಲೇ ಬಿಡುವ ಅಭ್ಯಾಸ ಬಿಡಿ. ಹಳೆ ಬಿಳಿ ಪಂಚೆಯಲ್ಲಿ ಸುತ್ತಿಡಿ. ನುಸಿಗುಳಿಗೆ ಜರಿಗೆ ತಾಗಬಾರದು. ಉಟ್ಟ ಮೇಲೆ ಸೆಂಟ್ ಹೊಡೆದುಕೊಳ್ಳಬೇಡಿ, ಜರಿ ಕಪ್ಪಾಗುತ್ತದೆ. ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ, ಇಲ್ಲದಿದ್ದರೆ ಮಡಿಕೆಯ ಗೆರೆಯಲ್ಲೇ ಸೀಳುತ್ತದೆ.

ಎಣ್ಣೆಯ ಪ್ರಶ್ನೆ ನೋಡಿ ನನಗೆ ಸಂತೋಷವೇ ಆಯಿತು. ಎಣ್ಣೆ ಮಿಲ್ಲುಗಳಿಂದ ಎರಡನೇ ಬೊಂಬಾಯಿ ಅನ್ನಿಸಿಕೊಂಡ ಊರು ನಮ್ಮದು. ಇಲ್ಲಿನ ಹೆಣ್ಣುಮಕ್ಕಳಿಗೆ ಎಣ್ಣೆ ಗೊತ್ತಿರಬೇಕು. ಗಾಣದ ಶೇಂಗಾ ಎಣ್ಣೆಯಲ್ಲಿ ಅಂಟಿನ ಅಂಶ ಉಳಿದಿರುತ್ತದೆ, ಸ್ವಲ್ಪ ತೇವವೂ ಇರುತ್ತದೆ. ಕಾದಾಗ ನೊರೆ ಬರುವುದು ಅದರಿಂದ. ರಿಫೈನ್ಡ್ ಎಣ್ಣೆಯಲ್ಲಿ ಅದನ್ನು ತೆಗೆದಿರುತ್ತಾರೆ. ಒಂದು ವಾರ ಅಲುಗಾಡಿಸದೆ ಇಟ್ಟು, ಮೇಲಿನ ತಿಳಿ ಬಗ್ಗಿಸಿಕೊಂಡು ಬಳಸಿ. ಕರಿಯುವಾಗ ಚಿಟಿಕೆ ಹುಣಸೆಹಣ್ಣು ಹಾಕಿ ತೆಗೆದರೆ ನೊರೆ ಇಳಿಯುತ್ತದೆ. ಬಾಣಲೆ ತುಂಬ ಎಣ್ಣೆ ಹಾಕಬೇಡಿ, ಉಕ್ಕಿ ಒಲೆಗೆ ಬಿದ್ದರೆ ಬೆಂಕಿ.

ಬೂಸ್ಟು ಹಿಡಿದ ಶೇಂಗಾದ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಬೀಜದ ಮೇಲೆ ಹಳದಿ ಹಸಿರು ಬೂಸ್ಟು ಕಂಡರೆ ಅದರಲ್ಲಿ ಅಫ್ಲಾಟಾಕ್ಸಿನ್ ಎನ್ನುವ ವಿಷ ಇರಬಹುದು. ಅದು ಪಿತ್ತಜನಕಾಂಗಕ್ಕೆ ಕೆಟ್ಟದ್ದು, ಹುರಿದರೂ ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ. "ಹಾಗಾದರೆ ಎಮ್ಮೆಗೆ ಹಾಕೋಣ" ಅಂತೀರಿ, ನನಗೆ ಗೊತ್ತು. ಎಮ್ಮೆ ತಿಂದದ್ದು ಹಾಲಿನಲ್ಲಿ ನಿಮ್ಮ ಮಗುವಿನ ಲೋಟಕ್ಕೇ ಬರುತ್ತದೆ. ಗುಂಡಿ ತೋಡಿ ಮುಚ್ಚಿ.

ನೀರಿನ ಪ್ರಶ್ನೆಯಲ್ಲಿ ನನಗೆ ಹೆಚ್ಚು ಕಳವಳ. ನಮ್ಮ ಜಿಲ್ಲೆಯ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಇದೆ ಎನ್ನುವುದು ಹಳೆಯ ಸುದ್ದಿ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ ಹೆಚ್ಚೆಂದರೆ 1.5 ಎಂದು ಸರ್ಕಾರದ ಮಾನದಂಡ ಹೇಳುತ್ತದೆ. ಫೋನು ಕುದಿಸಿ ಕುಡಿಯಿರಿ ಎನ್ನುತ್ತದೆ. ಅದು ಬೇರೆ ಊರಿನ, ಬೇರೆ ಕಾಯಿಲೆಯ ಉತ್ತರ. ಕುದಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಉಳಿದ ನೀರಿನಲ್ಲಿ ಅದು ಇನ್ನಷ್ಟು ದಟ್ಟವಾಗುತ್ತದೆ. ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ಕಂಡಿದ್ದರೆ ಪೇಸ್ಟ್ ಬದಲಿಸುತ್ತಾ ಕೂರಬೇಡಿ, ನೀರನ್ನು ಪರೀಕ್ಷೆಗೆ ಕೊಡಿ. ಶುದ್ಧ ನೀರಿನ ಘಟಕದಿಂದ ಕ್ಯಾನ್ ತರುತ್ತೀರಿ, ಒಳ್ಳೆಯದು. ಆದರೆ ಅದನ್ನು ಕುಡಿಯಲು ಮಾತ್ರ ಇಟ್ಟು ಮುದ್ದೆಗೂ ಅನ್ನಕ್ಕೂ ಬೋರಿನ ನೀರು ಹಾಕುತ್ತೀರಿ. ಮುದ್ದೆ ಎಷ್ಟು ನೀರು ಹೀರುತ್ತದೆ ಎಂದು ತೊಳಸುವ ನಿಮಗೇ ಗೊತ್ತು. ಅಡುಗೆಗೂ ಘಟಕದ ನೀರೇ ಆಗಬೇಕು.

ಸಣ್ಣಪುಟ್ಟವು ಬೇಗ ಹೇಳಿಬಿಡುತ್ತೇನೆ. ಸೋಡ ಎಂದು ಕೇಳುವಾಗ ಅಡುಗೆ ಸೋಡವೋ ಬಟ್ಟೆ ಸೋಡವೋ ಹೇಳಿ, ಎರಡೂ ಬೆಳ್ಳಗೇ ಇರುತ್ತವೆ, ಬಟ್ಟೆ ಸೋಡ ಬಾಯಿ ಸುಡುತ್ತದೆ. ಬಚ್ಚಲು ತಿಕ್ಕುವ ಆಸಿಡ್ಡಿಗೆ ಬ್ಲೀಚಿಂಗ್ ಪುಡಿ ಬೆರೆಸಿದರೆ ಫಳಫಳ ಆಗುತ್ತದೆ ಎಂದು ಯಾರು ತೋರಿಸಿದರೂ ಕೇಳಬೇಡಿ, ಅದರಿಂದ ಏಳುವ ಕ್ಲೋರಿನ್ ಉಸಿರು ಕಟ್ಟಿಸುತ್ತದೆ. ವರ್ಷ ತುಂಬದ ಕೂಸಿಗೆ ಜೇನು ನೆಕ್ಕಿಸಬೇಡಿ, ಅಜ್ಜಿ ಹೇಳಿದರೂ ಬೇಡ. ಹಾವು ಕಚ್ಚಿದಾಗ ಹುಡುಕುತ್ತಾ ನಿಲ್ಲಬೇಡಿ, 108ಕ್ಕೆ ಫೋನ್ ಮಾಡಿ. ಗ್ಯಾಸ್ ಸೋರಿದರೆ ರೆಗ್ಯುಲೇಟರ್ ಬಂದ್ ಮಾಡಿ, ಸ್ವಿಚ್ ಮುಟ್ಟದೆ, ಕಿಟಕಿ ಬಾಗಿಲು ತೆರೆದಿಟ್ಟು ಹೊರಬಂದು 1906ಕ್ಕೆ ಹೇಳಿ.

ಕಸ್ಟಮರ್ ಕೇರ್ ನಂಬರನ್ನು ಫೋನಿನಲ್ಲಿ ಹುಡುಕುವುದನ್ನು ನಿಲ್ಲಿಸಿ. ಕಳ್ಳರು ತಮ್ಮ ನಂಬರನ್ನೇ ಅಂಗಡಿಯ, ಬ್ಯಾಂಕಿನ ಹೆಸರಿನಲ್ಲಿ ಹಾಕಿರುತ್ತಾರೆ. ನನಗೇ ಹೀಗಾಗಿದೆ. ಮಿಕ್ಸಿ ರಿಪೇರಿಗೆ ಎಂದು ಸಿಕ್ಕ ನಂಬರಿಗೆ ಫೋನ್ ಮಾಡಿದೆ. ಆ ಕಡೆಯವನು ಸಿಹಿಯಾಗಿ ಮಾತಾಡಿ, ಹತ್ತು ರೂಪಾಯಿ ಕಳಿಸಿ ಎಂದು ಲಿಂಕ್ ಕಳಿಸಿದ. ಮೊಮ್ಮಗ ಪಕ್ಕದಲ್ಲಿದ್ದು ಕಿತ್ತುಕೊಳ್ಳದಿದ್ದರೆ ಪಿಂಚಣಿ ಹಣ ಹೋಗುತ್ತಿತ್ತು. ನಂಬರು ಬಿಲ್ಲಿನ ಮೇಲಿರುತ್ತದೆ, ಪಾಸ್‌ಬುಕ್ಕಿನ ಮೇಲಿರುತ್ತದೆ, ಅಲ್ಲಿಂದಲೇ ತೆಗೆದುಕೊಳ್ಳಿ. ದುಡ್ಡು ಹೋಗಿಬಿಟ್ಟರೆ ಅಳುತ್ತಾ ಕೂರದೆ ಆ ಗಳಿಗೆಯಲ್ಲೇ 1930ಕ್ಕೆ ತಿಳಿಸಿ. ಬೇಗ ಹೇಳಿದಷ್ಟೂ ಹಣ ತಡೆಹಿಡಿಯಲು ಅನುಕೂಲ. ಗಂಡ ಬೈಯುತ್ತಾನೆ ಎಂದು ಮುಚ್ಚಿಟ್ಟವರೇ ಹೆಚ್ಚು ಕಳೆದುಕೊಂಡವರು.

ಕೊನೆಗೆ ಒಂದು ಪ್ರಶ್ನೆ ಉಳಿಯಿತು. ಅದನ್ನು ತೋರಿಸಿದ ಹುಡುಗಿ ಬೇಗ ಬೆರಳು ಅಡ್ಡ ಇಟ್ಟಳು, ಆದರೂ ನನ್ನ ಕಣ್ಣಿಗೆ ಬಿತ್ತು. ರಾತ್ರಿ ಎರಡು ಗಂಟೆಗೆ ಕೇಳಿದ್ದು. "ಯಾರ ಹತ್ತಿರ ಹೇಳಿಕೊಳ್ಳಲಿ." ಅಷ್ಟೇ. ಯಾವ ವಿಷಯ ಎಂದೂ ಇಲ್ಲ. ನಾನು ಅಲ್ಲಿ ಏನೂ ಕೇಳಲಿಲ್ಲ. ಎಲ್ಲರೂ ಎದ್ದುಹೋದ ಮೇಲೆ ಅವಳನ್ನು ಒಳಗೆ ಕರೆದು ಚಹಾ ಕೊಟ್ಟೆ. ಒಂದು ತಾಸು ಮಾತಾಡಿದಳು.

ಅಂಥ ಪ್ರಶ್ನೆ ನಿಮ್ಮ ಫೋನಿನಲ್ಲೂ ಇದ್ದರೆ ನಾಚಿಕೆ ಪಡಬೇಡಿ. 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ, ಹಗಲೂ ರಾತ್ರಿಯೂ ಇರುತ್ತಾರೆ. ಮನೆಯಲ್ಲಿ ಯಾರಾದರೂ ಕೈಮಾಡುತ್ತಿದ್ದರೆ 181 ಇದೆ. ಒಂದೇ ಫೋನನ್ನು ಮನೆಮಂದಿಯೆಲ್ಲ ಬಳಸುತ್ತಿದ್ದರೆ ಕೇಳಿದ್ದನ್ನು ಅಳಿಸಿಬಿಡಿ. ಅಳಿಸುವುದು ಗೊತ್ತಿಲ್ಲದಿದ್ದರೆ ನಂಬುವ ಯಾರಿಂದಾದರೂ ಕಲಿತುಕೊಳ್ಳಿ.

ಹತ್ತಿರದಲ್ಲಿದ್ದವರು ಬನ್ನಿ. ಐದು ಗಂಟೆಯ ಮೇಲೆ ನಾನು ಜಗಲಿಯಲ್ಲಿ ಹುರುಳಿ ಆರಿಸುತ್ತಾ ಕೂತಿರುತ್ತೇನೆ. ಹುಳು ಬಿದ್ದ ಬೇಳೆ ಇದ್ದರೆ ಅದನ್ನೂ ತನ್ನಿ, ಇನ್ನೊಂದು ಮೊರ ನಮ್ಮ ಮನೆಯಲ್ಲಿದೆ.