ಅರವತ್ತಕ್ಕೆ ಅರಳು ಮರಳಾ?

ಇವತ್ತಿನ ಪಾಠ ಮುಪ್ಪಿನ ಬಗ್ಗೆ. "ಪಾಸ್ಟರ್, ನಮಗಿನ್ನೂ ಇಪ್ಪತ್ತೈದು, ಈಗಲೇ ಮುಪ್ಪಿನ ಸುದ್ದಿ ಯಾಕ್ರಿ?" ಅಂತ ಕೇಳಬಹುದು. ಯಾಕಂದ್ರ, ಮುಪ್ಪನ್ನು ನೋಡೋ ಕಣ್ಣು ಮುಪ್ಪಿನಲ್ಲಿ ಬರೋದಿಲ್ಲ. ಅದು ಈಗಲೇ ತಯಾರಾಗ್ತದ.

ಅರಣ್ಯಕಾಂಡ 13ನೇ ಅಧ್ಯಾಯ ತೆಗೀರಿ. ಮೋಶೆ ಹನ್ನೆರಡು ಮಂದಿಯನ್ನು ದೇಶ ನೋಡಿ ಬರಲು ಕಳಿಸಿದ. ಎಲ್ಲರೂ ನೋಡಿದ್ದು ಒಂದೇ ದೇಶ, ಅದೇ ದ್ರಾಕ್ಷಿ, ಅದೇ ಎತ್ತರದ ಜನ. ಆದರೆ ಹತ್ತು ಮಂದಿ ತಮ್ಮನ್ನು ತಾವೇ ಮಿಡತೆಗಳಂತೆ ಕಂಡರು. ಕಾಲೇಬ್ ಹಾಗೆ ಕಾಣಲಿಲ್ಲ. ಆಗ ಅವನಿಗೆ 40 ವರ್ಷ. ಯೆಹೋಶುವ 14ಕ್ಕೆ ಬಂದರೆ ಅವನಿಗೆ 85. ಆಗ ಅವನು ಕೇಳಿದ್ದೇನು? ಕೂತು ಉಣ್ಣಲು ಬಯಲು ಭೂಮಿಯಲ್ಲ, ಅನಾಕ್ಯರು ಇದ್ದ ಬೆಟ್ಟದ ಸೀಮೆ! 40ರಲ್ಲಿದ್ದ ಕಣ್ಣೇ 85ರಲ್ಲೂ ಇತ್ತು. ಆಮೆನ್?

ಇದು ಬರೀ ಪ್ರಸಂಗದ ಮಾತಲ್ಲ. ಅಮೆರಿಕದ ಒಹಾಯೋ ರಾಜ್ಯದ ಒಂದು ಊರಲ್ಲಿ 50 ದಾಟಿದವರನ್ನು ಅವರ ಮುಪ್ಪಿನ ಬಗ್ಗೆ ಕೇಳಿದ್ದರು. ಯೇಲ್ ವಿಶ್ವವಿದ್ಯಾಲಯದ ಬೆಕ್ಕಾ ಲೆವಿ ಅವರಲ್ಲಿ 660 ಜನರ ಉತ್ತರ ತೆಗೆದುಕೊಂಡು, ಅವರು ಎಷ್ಟು ವರ್ಷ ಬದುಕಿದರು ಅಂತ ನೋಡಿದರು. ಮುಪ್ಪನ್ನು ಒಳ್ಳೆಯ ದೃಷ್ಟಿಯಿಂದ ಕಂಡವರು ಸುಮಾರು ಏಳೂವರೆ ವರ್ಷ ಹೆಚ್ಚು ಬದುಕಿದ್ದರು. ಆರೋಗ್ಯ, ಹಣಕಾಸು ಲೆಕ್ಕಕ್ಕೆ ಹಿಡಿದ ಮೇಲೂ ವ್ಯತ್ಯಾಸ ಉಳಿಯಿತು. ಇದು ಪ್ರಕಟವಾದದ್ದು 2002ರಲ್ಲಿ.

ಹೆಂಗ ಆಗ್ತದ ಇದು? ನಮ್ಮ ಮನೆಗಳನ್ನೇ ನೋಡ್ರಿ. ಅಜ್ಜಿ ಮೊಣಕಾಲು ನೋವು ಅಂದ್ರ "ವಯಸ್ಸಾಯ್ತಲ್ಲ" ಅಂತೀವಿ. ಕಣ್ಣು ಮಂಜು ಅಂದ್ರೂ ಅದೇ ಮಾತು. ಕೇಳಿ ಕೇಳಿ ಅಜ್ಜಿನೂ ನಂಬ್ತಾರ. ನಂಬಿದ ಮೇಲೆ ದವಾಖಾನಿಗೆ ಹೋಗೋದಿಲ್ಲ, ನಡೆಯೋದು ಬಿಡ್ತಾರ, ಕಾಲು ಇನ್ನೂ ಸೋಲ್ತಾವ. ಕಣ್ಣಿನ ಪೊರೆಗೆ ಆಪರೇಷನ್ ಅದ ಪ್ರಿಯರೇ! ನಾವು ಮಾತ್ರ "ಅರವತ್ತಕ್ಕೆ ಅರಳು ಮರಳು" ಅಂತ ನಗ್ತೀವಿ.

ದೇವದುರ್ಗ, ಮಾನ್ವಿ ಹಳ್ಳಿಗಳಿಂದ ಎಷ್ಟೋ ಮಂದಿ ಬೆಂಗಳೂರಿಗೆ ಗುಳೆ ಹೋಗ್ತಾರ. ಹಿಂದೆ ಮನೆ, ಮೊಮ್ಮಕ್ಕಳು, ಶಾಲೆ ನೋಡ್ಕೊಳ್ಳೋರು ಯಾರು? ಅದೇ ಅಜ್ಜ, ಅಜ್ಜಿ. ಅವರು ಭಾರ ಅಲ್ಲ, ಮನೆಯ ಕಂಬ. ನಮ್ಮ ಭಾಷೆಗೆ ನಿಘಂಟು ಕೊಟ್ಟ ಮಿಷನರಿ ಕಿಟೆಲ್ ಅವರನ್ನೂ ನೆನೆಸ್ರಿ. 1894ರಲ್ಲಿ ಆ ನಿಘಂಟು ಅಚ್ಚಾದಾಗ ಅವರಿಗೆ 62. ಅಲ್ಲಿಗೇ ನಿಲ್ಲದೆ ಕನ್ನಡ ವ್ಯಾಕರಣ ಬರೆದರು. ಅದು ಬಂದದ್ದು 1903ರಲ್ಲಿ, ಅವರ 71ನೇ ವಯಸ್ಸಿನಲ್ಲಿ. ಅದೇ ವರ್ಷ ಅವರು ತೀರಿಕೊಂಡರು.

ಆದರೆ ತಪ್ಪು ತಿಳ್ಕೋಬೇಡ್ರಿ, ಎಲ್ಲ ಹಿರಿಯರೂ ಬೆಟ್ಟ ಹತ್ತಬೇಕಂತಿಲ್ಲ. 2 ಸಮುವೇಲ 19ರಲ್ಲಿ ಬರ್ಜಿಲ್ಲೈಗೆ 80 ವರ್ಷ. ದಾವೀದ ಅರಮನೆಗೆ ಕರೆದಾಗ ಅವನು ಬರಲ್ಲ ಅಂದ. ಊಟದ ರುಚಿ ತಿಳಿಯದು, ಹಾಡು ಕೇಳಿಸದು ಅಂತ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ದೇವರ ವಾಕ್ಯ ಅವನನ್ನು ಗದರಿಸೋದಿಲ್ಲ. ಕಷ್ಟದಲ್ಲಿದ್ದ ರಾಜನಿಗೆ ಅನ್ನ ಕೊಟ್ಟವನೂ ಅವನೇ. ನೋವು ಮುಚ್ಚಿಡೋದು ವಿಶ್ವಾಸ ಅಲ್ಲ. ಹಾಸಿಗೆ ಹಿಡಿದ ಹಿರಿಯರಿಗೆ "ನಿಮಗೆ ವಿಶ್ವಾಸ ಕಡಿಮೆ" ಅಂತ ಯಾರೂ ಹೇಳಬಾರದು.

ಈ ವಾರ ಮೂರು ಕೆಲಸ. ಒಂದು, "ವಯಸ್ಸಾಯ್ತು ಬಿಡು" ಅನ್ನೋ ಮಾತು ಬಿಡ್ರಿ. ಎರಡು, ಪ್ರಾರ್ಥನೆನೂ ಮಾಡ್ರಿ, ಮನೆಯ ಹಿರಿಯರನ್ನು ಡಾಕ್ಟರ್ ಹತ್ರನೂ ಕರ್ಕೊಂಡು ಹೋಗ್ರಿ. ಮೂರು, ಅವರಿಂದ ಏನಾದರೂ ಕಲೀರಿ. ರೊಟ್ಟಿ ಬಡಿಯೋದಾದರೂ ಸರಿ.

ಪ್ರಾರ್ಥಿಸೋಣ. ಕರ್ತನೇ, ನಮ್ಮ ಹಿರಿಯರನ್ನು ನಿನ್ನ ಕಣ್ಣಿನಿಂದ ನೋಡಲು ಕಲಿಸು. ನಮಗೆ ಮುಪ್ಪು ಬಂದಾಗಲೂ ಆ ಕಣ್ಣು ಮಂಜಾಗದಿರಲಿ. ಯೇಸುವಿನ ನಾಮದಲ್ಲಿ, ಆಮೆನ್.