ಗೇರುಬೀಜ ಸಂಸ್ಕರಣೆ: ಉಡುಪಿಯ ಕೃಷಿ ಉದ್ಯಮ

ಉಡುಪಿ ಜಿಲ್ಲೆ ರಚನೆಯಾದದ್ದು 1997ರಲ್ಲಿ. ಇಲ್ಲಿ ಕೃಷಿ ಸಂಸ್ಕರಣೆ ಎಂದರೆ ಮೊದಲು ನೆನಪಿಗೆ ಬರುವುದು ಕಾರ್ಕಳ, ಕುಂದಾಪುರ ಭಾಗದ ಗೇರುಬೀಜ ಕಾರ್ಖಾನೆಗಳು. ದುಡಿಯುವವರಲ್ಲಿ ಹೆಚ್ಚಿನವರು ಹಳ್ಳಿಯ ಮಹಿಳೆಯರು.

ಬೀಜವನ್ನು ಹಬೆಯಲ್ಲಿ ಬೇಯಿಸಿ, ಕತ್ತರಿಸಿ, ತಿರುಳನ್ನು ಒಣಗಿಸಿ, ಸಿಪ್ಪೆ ಸುಲಿದು ದರ್ಜೆವಾರು ವಿಂಗಡಿಸುತ್ತಾರೆ. ಡಬ್ಲ್ಯು-180 ದರ್ಜೆ ಎಂದರೆ ಒಂದು ಪೌಂಡಿಗೆ ಸುಮಾರು 180 ಇಡೀ ತಿರುಳು; ಸಂಖ್ಯೆ ಕಡಿಮೆಯಾದಷ್ಟೂ ಗಾತ್ರ ದೊಡ್ಡದು. ಚಿಪ್ಪಿನ ಎಣ್ಣೆ ಕೈ ಸುಡುತ್ತದೆ, ಆದರೆ ಬಣ್ಣ, ಬ್ರೇಕ್ ಲೈನಿಂಗ್ ತಯಾರಿಕೆಗೆ ಬೇಕು. ದೇಶದ ಬೆಳೆ ಸಾಲದೆ ಪಶ್ಚಿಮ ಆಫ್ರಿಕಾದಿಂದಲೂ ಕಚ್ಚಾ ಬೀಜ ಬರುತ್ತದೆ. ಉದ್ಯಮದ ನಿಜವಾದ ದೌರ್ಬಲ್ಯ ಈ ಆಮದಿನ ಅವಲಂಬನೆಯೇ. ಗೇರು ಸಂಶೋಧನಾ ನಿರ್ದೇಶನಾಲಯ ಇರುವುದು ನೆರೆಯ ಜಿಲ್ಲೆಯ ಪುತ್ತೂರಿನಲ್ಲಿ.

ಇಂಥ ಕಿರು ಆಹಾರ ಸಂಸ್ಕರಣಾ ಘಟಕಗಳಿಗೆ 2020ರಲ್ಲಿ ಕೇಂದ್ರ ಸರ್ಕಾರ ಪಿಎಂಎಫ್‌ಎಂಇ ಯೋಜನೆ ತಂದಿತು: ವೆಚ್ಚ 10,000 ಕೋಟಿ ರೂ., ಸಹಾಯಧನ ಶೇ. 35, ಗರಿಷ್ಠ 10 ಲಕ್ಷ ರೂ. ಕರ್ನಾಟಕದಲ್ಲಿ ಇದರ ನೋಡಲ್ ಸಂಸ್ಥೆ ಕಪೆಕ್ (ರಾಜ್ಯ ಕೃಷಿ ಉತ್ಪನ್ನ ಸಂಸ್ಕರಣೆ ಮತ್ತು ರಫ್ತು ನಿಗಮ); ರಾಜ್ಯ ಶೇ. 15 ಹೆಚ್ಚುವರಿಯಾಗಿ ಸೇರಿಸಿತು.

ಇದೇ ಜಿಲ್ಲೆಯ ಕಾಪು ತಾಲೂಕಿನ ಮಟ್ಟುಗುಳ್ಳ ಬದನೆಗೆ ಭೌಗೋಳಿಕ ಸೂಚಿಕೆ (ಜಿಐ) ಮಾನ್ಯತೆಯಿದೆ. ಆದರೆ ಅದು ತಾಜಾ ಮಾರಾಟದ ತರಕಾರಿ, ಸಂಸ್ಕರಣೆಯ ಉದಾಹರಣೆಯಲ್ಲ.